ಮೇಕೆಯ ಚೀಸು, ಮೂಲೆಯ ಬೋರ್ಡು

ಮಿನಿಯಾಪೊಲಿಸ್
4 ಸೆಪ್ಟೆಂಬರ್ 2012

ಪ್ರೀತಿಯ ಆರ್ಡಿಸ್ ಅವರಿಗೆ,

ಡುವೇನ್ ಬೆಳಿಗ್ಗೆ ಲಾರಿಯಿಂದ ಇಳಿಸಿಹೋದ ಪೆಟ್ಟಿಗೆಯಲ್ಲಿ ಚೀಸೂ ಸಿಕ್ಕಿತು, ಚೀಸಿಗೆ ಒರಗಿಕೊಂಡಿದ್ದ ನಿಮ್ಮ ಪತ್ರವೂ ಸಿಕ್ಕಿತು. ಓದಿ ಮುಗಿಸುವ ಹೊತ್ತಿಗೆ ನನ್ನ ಕೈಯೆಲ್ಲ ಮೇಕೆಯ ವಾಸನೆ. ಒಂಬತ್ತು ವರ್ಷದಿಂದ ಹೀಗೇ ನಡೆದಿದೆ: ನೀವು ಫೋನ್ ಎತ್ತುವುದಿಲ್ಲ, ನಾನು ಖಾಲಿ ಪೆಟ್ಟಿಗೆಯಲ್ಲಿ ಉತ್ತರ ಇಟ್ಟು ಕಳಿಸುತ್ತೇನೆ. ಅಂಚೆ ಇಲಾಖೆಗೆ ನಮ್ಮಿಂದ ಬಿಡಿಗಾಸಿನ ಲಾಭವಿಲ್ಲ.

ಕಪಾಟಿನಲ್ಲಿ ಹೊಸ ಚೀಸಿನ ಕೆಳಗೆ ಅಂಟಿಸಲು ಚೀಟಿ ಬರೆದಿದ್ದೇನೆ, ನೋಡಿ:

ಹುಲ್ಲು ಮೇಯ್ದದ್ದು ಗುಡ್ಡದ ಮೇಕೆ,
ಹಲ್ಲಿಗೆ ಹತ್ತಿದ ಮೇಲೆ ಮಾತು ಬೇಕೆ?

ಇದನ್ನು ಓದಿದ ನಮ್ಮ ಪೆಟ್ರಾ, "ನಿಂಗೆ ಸಂಬಳ ಕೊಡೋದು ಚೀಸ್ ಕೊಳ್ಳೋಕಾ, ಪದ್ಯ ಕಟ್ಟೋಕಾ?" ಎಂದಳು. ಎರಡಕ್ಕೂ ಸೇರಿಸಿ ಕೊಡುವುದು ಒಂದಕ್ಕೂ ಸಾಲುವುದಿಲ್ಲ ಎಂದೆ. ನಿಮ್ಮ ಪ್ಲಮ್ ಜಾಮ್ ಜುಲೈನಲ್ಲೇ ಮುಗಿಯಿತೆಂದು ನಿಮಗೆ ತಿಳಿಸಬೇಕಂತೆ. ತಿಳಿಸಿದ್ದೇನೆ.

ಒಂದು ಕೋರಿಕೆ. ಕೊಳ್ಳುವವರೇ ಮಾಲೀಕರಾದ ಅಂಗಡಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಾಗಬೇಕು. ಆದ್ದರಿಂದ ತಂಪು ಕಪಾಟಿನ ಮೇಲಿನ ಗೋಡೆಗೆ 'ನಮ್ಮ ರೈತರು' ಎಂದು ಫೋಟೋಗಳನ್ನು ಹಾಕುತ್ತಿದ್ದೇವೆ. ರಸ್ತೆಯಿಂದ ಕಾಣುವಂತೆ ನಿಮ್ಮ ಜಮೀನಿನದೊಂದು ಕಳಿಸಿ.

ನಿಮ್ಮ
ನೋರೀನ್ ಕ್ಯಾಸಿ
ಡೈರಿ ಖರೀದಿ, ಐದನೇ ಬೀದಿ ಸಹಕಾರಿ ಅಂಗಡಿ

*

ಬೀವರ್ ಹಳ್ಳದ ದಾರಿ
11 ಸೆಪ್ಟೆಂಬರ್ 2012

ನೋರೀನ್‌ಗೆ,

ಚೀಟಿ ಚೆನ್ನಾಗಿದೆ. ಮೇಕೆಗಳಿಗೂ ಓದಿ ಹೇಳಿದೆ. ಒಬ್ಬಳು ಕಾಗದದ ಅಂಚು ತಿಂದಳು. ಮೆಚ್ಚಿದಳು ಎಂದೇ ತಿಳಿ.

ಫೋಟೋ ಜೊತೆಯಲ್ಲಿದೆ. ತೆಗೆದವನು ಪಕ್ಕದ ಜಮೀನಿನ ವರ್ಲಿನ್ ಸ್ಟೋಕಿ, ಟ್ರ್ಯಾಕ್ಟರಿನ ಸೀಟಿನಿಂದ ಇಳಿಯದೆ. "ನಗು ಆರ್ಡಿಸ್" ಅಂದ. "ಅಷ್ಟು ದೂರಕ್ಕೆ ನಕ್ಕರೆ ಯಾರಿಗೆ ಕಾಣತ್ತೋ?" ಅಂದೆ. ಕಂಡಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿರುವ ಚುಕ್ಕೆಯೇ ನಾನು. ದೊಡ್ಡದಾಗಿ ಕಾಣುವುದು ರಸ್ತೆಯ ಮೂಲೆ. ಕಾರುಗಳು ಅಲ್ಲಿ ನಿಧಾನ ಮಾಡುವುದರಿಂದ ಆ ಮೂಲೆಯ ಮೇಲೆ ಈ ಸೀಮೆಯವರಿಗೆಲ್ಲ ಕಣ್ಣು. ಚರ್ಚಿನ ಮೀನೂಟ, ಕುಂಬಳಕಾಯಿ ಮಾರಾಟ, ಕಳೆದುಹೋದ ನಾಯಿ, ಏನಿದ್ದರೂ ಬಂದು ಒಂದು ಕೋಲು ನೆಟ್ಟು ಹೋಗುತ್ತಾರೆ.

ವರ್ಲಿನ್‌ಗೆ ಇದಕ್ಕೂ ಏನೂ ಕೊಡುವ ಹಾಗಿಲ್ಲ. ನನ್ನ ಗಂಡ ಓರಿನ್ ಸತ್ತಾಗಿನಿಂದ ಪ್ರತಿ ಚಳಿಗಾಲ ಈ ಉದ್ದ ದಾರಿಯ ಹಿಮವನ್ನು ಟ್ರ್ಯಾಕ್ಟರಿನಿಂದ ತಳ್ಳಿ ಕೊಡುವವನು ಅವನೇ. ಅವನು ತಳ್ಳದಿದ್ದರೆ ಡುವೇನನ ಲಾರಿ ಮೇಲೆ ಹತ್ತುವುದಿಲ್ಲ, ಮೇವೂ ಬರುವುದಿಲ್ಲ. ಕೂಲಿ ಎಂದರೆ ಮುಖ ಗಂಟಿಕ್ಕುತ್ತಾನೆ. ಚೀಸ್ ಕೊಟ್ಟರೆ ತೆಗೆದುಕೊಂಡು ಹೋಗಿ ನಾಯಿಗೆ ಹಾಕುತ್ತಾನೆ.

ಇನ್ನು ಮುಖ್ಯ ವಿಷಯ. ಮುಂದಿನ ತಿಂಗಳು ಮೇಕೆಗಳ ಹತ್ತಿರ ಹೋತ ಬಿಡಬೇಕು. ಬಿಟ್ಟರೆ ವಸಂತಕ್ಕೆ ಮರಿ, ಮರಿಯ ಹಿಂದೆ ಹಾಲು. ಬಿಡದಿದ್ದರೆ ಬರುವ ವರ್ಷ ಕೊಟ್ಟಿಗೆ ಬರಿದು, ಮೇಕೆಗಳನ್ನು ಮಾರಿಬಿಡುವುದೇ ಮೇಲು. ನನ್ನ ಚೀಸಿನ ಮುಕ್ಕಾಲು ಪಾಲು ಕೊಳ್ಳುವವರು ನೀವು. ಆದ್ದರಿಂದ ಕೇಳುತ್ತೇನೆ: ಬರುವ ವರ್ಷಕ್ಕೂ ಇಷ್ಟೇ ಬೇಕಲ್ಲವೆ? ಎಲ್ಲರಿಗೂ ಹೋತ ಬಿಡಲೆ?

ಜಾಮ್ ಕ್ರಿಸ್‌ಮಸ್‌ಗೆ. ಅದಕ್ಕೆ ಮುಂಚೆ ಇಲ್ಲ ಎಂದು ಪೆಟ್ರಾಗೆ ಹೇಳು.

ಆರ್ಡಿಸ್ ಟ್ವೈಟ್

*

ಮಿನಿಯಾಪೊಲಿಸ್
28 ಸೆಪ್ಟೆಂಬರ್ 2012

ಆರ್ಡಿಸ್ ಅವರಿಗೆ,

ಫೋಟೋ ತಲುಪಿತು. ಎರಡು ವಾರ ಗೋಡೆಯ ಮೇಲಿತ್ತು. ಈಗ ಕೆಳಗಿಳಿಸಿದ್ದೇವೆ, ಗೋಡೆಗೆ ಸ್ವಲ್ಪ ಕೆಲಸವಿದೆ.

ಕೇಳಬೇಕೆಂದಿದ್ದೆ: ಫೋಟೋದಲ್ಲಿ ಕಾಣುವ ರಸ್ತೆಯ ಮೂಲೆ ನಿಮ್ಮ ಜಮೀನಿಗೆ ಸೇರಿದ್ದೋ, ಪಕ್ಕದವರದ್ದೋ? ಸುಮ್ಮನೆ ಕುತೂಹಲ. ನಿಮ್ಮ ಕಡೆ ಈ ಸಲದ ಮತದಾನದ ಗದ್ದಲ ಹೇಗಿದೆ?

ಮುಂದಿನ ವಾರದಿಂದ ಅರ್ಧದಷ್ಟು ಚೀಸ್ ಸಾಕು. ಈ ಋತುವಿನಲ್ಲಿ ಮಾರಾಟ ಇಳಿಯುತ್ತದೆ. ಹೋತದ ವಿಷಯ ಈಗಲೇ ಏನೂ ಹೇಳಲಾರೆ.

ನೋರೀನ್

*

ಬೀವರ್ ಹಳ್ಳದ ದಾರಿ
2 ಅಕ್ಟೋಬರ್ 2012

ನೋರೀನ್‌ಗೆ,

ನಿನಗೆ ಮೈ ಹುಷಾರಿಲ್ಲವೆ? ಒಂಬತ್ತು ವರ್ಷದಲ್ಲಿ ಪ್ರಾಸವಿಲ್ಲದ ಪತ್ರ ಇದೇ ಮೊದಲು.

ಅಂಚೆಪೆಟ್ಟಿಗೆಯಿಂದ ಹಳ್ಳದವರೆಗೆ ಎಲ್ಲವೂ ನನ್ನದೇ, ಮೂಲೆಯೂ ನನ್ನದೇ. ಜಮೀನಿನ ಗಡಿಯನ್ನು ಸುಮ್ಮನೆ ಕುತೂಹಲಕ್ಕೆ ಕೇಳುವವರನ್ನು ನಾನು ಬ್ಯಾಂಕಿನಲ್ಲಿ ಮಾತ್ರ ನೋಡಿದ್ದೇನೆ.

ಈ ಋತುವಿನಲ್ಲಿ ಚೀಸಿನ ಮಾರಾಟ ಇಳಿಯುವುದಿಲ್ಲ, ಏರುತ್ತದೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ನಿಮ್ಮ ಕಪಾಟಿನಲ್ಲಿ ಕಪ್ಪು ಕನ್ನಡಕ ಹಾಕಿದ ಮೇಕೆಯ ಚಿತ್ರವಿರುವ ಹೊಸ ಚೀಸ್ ಬಂದಿದೆ ಎಂದು ಡುವೇನ್ ಹೇಳಿದ. "ನಿಂದಕ್ಕಿಂತ ಅಗ್ಗ ಆರ್ಡಿಸ್, ಡಬ್ಬಿ ಬೇರೆ ಮಿಂಚತ್ತೆ" ಅಂದ. ಅದು ದೊಡ್ಡ ಕಂಪನಿಯ ಮಾಲು. ಕನ್ನಡಕ ಹಾಕಿದ ಮೇಕೆಯನ್ನು ನಾನಂತೂ ಕಂಡಿಲ್ಲ.

ಬೆಲೆಯ ವಿಷಯವಾದರೆ ಬೆಲೆ ಎಂದು ಹೇಳು. ಹೋತ ವರ್ಲಿನ್‌ನ ಕೊಟ್ಟಿಗೆಯಲ್ಲಿ ನಿಂತು ಇಡೀ ಊರಿಗೆ ನಾರುತ್ತಿದೆ. ಉತ್ತರ ಕಾಯುತ್ತಿರುವವಳು ನಾನೊಬ್ಬಳೇ ಅಲ್ಲ.

ಆರ್ಡಿಸ್

*

ಮಿನಿಯಾಪೊಲಿಸ್
9 ಅಕ್ಟೋಬರ್ 2012

ಆರ್ಡಿಸ್ ಅವರಿಗೆ,

ಬೆಲೆಯ ವಿಷಯ ಅಲ್ಲ. ನೇರವಾಗಿ ಬರೆಯುತ್ತೇನೆ.

ನಿಮ್ಮ ಫೋಟೋದ ಮೂಲೆಯಲ್ಲಿ ಒಂದು ಬೋರ್ಡು ಕಾಣುತ್ತದೆ. ನಾನು ಗಮನಿಸಿರಲಿಲ್ಲ. ಗ್ರೆಚೆನ್ ಎಂಬ ಸದಸ್ಯೆ, ಕಾಳಿನ ಡಬ್ಬಗಳನ್ನು ತುಂಬುವ ಪಾಳಿಯವಳು, ಏಣಿ ಹತ್ತಿದಾಗ ಅವಳ ಕಣ್ಣಿಗೆ ಬಿತ್ತು. 'ಹೌದು ಎನ್ನಿ, ಮದುವೆ ಉಳಿಸಿ' ಎಂದಿದೆ. ಮದುವೆ ಎಂದರೆ ಗಂಡು ಹೆಣ್ಣಿನದು ಮಾತ್ರ ಎಂದು ರಾಜ್ಯದ ಸಂವಿಧಾನದಲ್ಲೇ ಬರೆದುಬಿಡಬೇಕು ಅನ್ನುವವರ ಬೋರ್ಡು. ಮುಂದಿನ ತಿಂಗಳು ನಾವೆಲ್ಲ ಮತ ಹಾಕಬೇಕಾದ ಪ್ರಶ್ನೆಯೇ ಅದು.

ಸದಸ್ಯರು ದೂರು ಚುಚ್ಚುವ ಹಲಗೆ ಬಾಗಿಲ ಬಳಿ ಇದೆ. ಅದರಲ್ಲೀಗ ಬೇರೆ ವಿಷಯಕ್ಕೆ ಜಾಗವಿಲ್ಲ. 'ಈ ಚೀಸಿನ ದುಡ್ಡು ಎಲ್ಲಿಗೆ ಹೋಗುತ್ತದೆ?' ಎಂದು ಒಬ್ಬರು. 'ಮೇಕೆಗೆ ಹುಲ್ಲಿನ ಸ್ವಾತಂತ್ರ್ಯ, ನಮಗಿಲ್ಲವೆ?' ಎಂದು ಇನ್ನೊಬ್ಬರು. 'ಟೊಮೇಟೊ ಮೆತ್ತಗಿದೆ' ಎಂದು ಬರೆದವರ ಚೀಟಿಯನ್ನು ಯಾರೋ ಕಿತ್ತು ಕೆಳಗೆ ಹಾಕಿದ್ದಾರೆ. ಇದೇ ಹದಿನೆಂಟಕ್ಕೆ ಸಭೆ ಕರೆದಿದ್ದಾರೆ.

ಅಂಗಡಿಯ ಮಾತು ಅದು. ನನ್ನ ಮಾತು ಬೇರೆ. ಪೆಟ್ರಾ ಮತ್ತು ನಾನು ಹನ್ನೊಂದು ವರ್ಷದಿಂದ ಸಂಸಾರ ಮಾಡುತ್ತಿದ್ದೇವೆ. ನೀವು ಪ್ರತಿ ಕ್ರಿಸ್‌ಮಸ್‌ಗೂ ಜಾಮಿನ ಶೀಶೆಯ ಮೇಲೆ ಇಬ್ಬರ ಹೆಸರನ್ನೂ ಬರೆದು ಕಳಿಸುತ್ತೀರಿ. ಆ ಕೈಯೇ ಈ ಬೋರ್ಡನ್ನೂ ನೆಟ್ಟಿತೆ ಎಂದು ಪೆಟ್ರಾ ಕೇಳುತ್ತಾಳೆ.

ಬೋರ್ಡು ಯಾರದು? ಒಂದೇ ಸಾಲು ಬರೆದರೆ ಸಾಕು, ಸಭೆಯಲ್ಲಿ ಓದುತ್ತೇನೆ.

ನೋರೀನ್

*

ಬೀವರ್ ಹಳ್ಳದ ದಾರಿ
12 ಅಕ್ಟೋಬರ್ 2012

ಮಾನ್ಯ ನೋರೀನ್ ಕ್ಯಾಸಿ ಅವರಿಗೆ,

ನೀವು ಕೇಳಿದ ಒಂದು ಸಾಲು: ಬೋರ್ಡು ನನ್ನ ಜಮೀನಿನಲ್ಲಿದೆ.

ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಮತ ಹಾಕುವ ಕಡೆ ಪರದೆ ಕಟ್ಟಿರುವುದು ಚಂದಕ್ಕಲ್ಲ. ಓರಿನ್ ಜೊತೆ ನಲವತ್ತು ವರ್ಷ ಬಾಳಿದೆ. ಅವನು ಯಾರಿಗೆ ಹಾಕಿದ ಎಂದು ನಾನು ಕೇಳಲಿಲ್ಲ, ನಾನು ಯಾರಿಗೆ ಎಂದು ಅವನೂ ಕೇಳಲಿಲ್ಲ. ಒಬ್ಬರ ಮತ ಇನ್ನೊಬ್ಬರದನ್ನು ಹೊಡೆದುಹಾಕುತ್ತಿತ್ತೋ ಏನೋ. ಊಟಕ್ಕೆ ಮಾತ್ರ ಒಟ್ಟಿಗೇ ಕೂರುತ್ತಿದ್ದೆವು. ನನ್ನ ಚೀಸನ್ನು ಯಾರು ತಿನ್ನುತ್ತಾರೆ, ತಿಂದು ಯಾರಿಗೆ ಮತ ಹಾಕುತ್ತಾರೆ ಎಂದು ನಾನು ನಿಮ್ಮನ್ನು ಎಂದಾದರೂ ಕೇಳಿದ್ದೇನೆಯೆ?

ಈಗ ನಾನೂ ಒಂದು ಕೇಳುತ್ತೇನೆ. ಒಂಬತ್ತು ವರ್ಷದಿಂದ ಬೇಡವಾಗಿದ್ದ ಫೋಟೋ ಈ ಸೆಪ್ಟೆಂಬರಿನಲ್ಲೇ ಏಕೆ ಬೇಕಾಯಿತು? ಅದೂ 'ರಸ್ತೆಯಿಂದ ಕಾಣುವಂತೆ'? ಮನೆಯದೂ ಅಲ್ಲ, ಮೇಕೆಯದೂ ಅಲ್ಲ, ನನ್ನದಂತೂ ಅಲ್ಲ.

ಆರ್ಡಿಸ್ ಟ್ವೈಟ್

*

ಮಿನಿಯಾಪೊಲಿಸ್
19 ಅಕ್ಟೋಬರ್ 2012

ಆರ್ಡಿಸ್ ಅವರಿಗೆ,

ಫೋಟೋ ಕೇಳಿದ್ದು ಗೋಡೆ ಖಾಲಿಯಿತ್ತೆಂದು ಮಾತ್ರ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನೀವು ನನ್ನನ್ನು 'ನೀವು' ಎಂದು ಬರೆದ ಪತ್ರವನ್ನು ಎರಡು ಸಲ ಓದಿದೆ.

ಸಭೆ ನಿನ್ನೆ ನಡೆಯಿತು. ನಿಮ್ಮ ಸಾಲನ್ನು ನೀವು ಬರೆದ ಹಾಗೇ ಓದಿದೆ. ಗ್ರೆಚೆನ್ ಎದ್ದು, "ಇನ್ನೇನು ಬೇಕು? ಅವರೇ ಒಪ್ಪಿಕೊಂಡ್ರಲ್ಲ" ಎಂದಳು.

ಲೀಲಂಡ್ ಎಂಬ ಹಳೇ ಸದಸ್ಯ, "ಮೇಕೆ ಮತ ಹಾಕಲ್ಲ ಕಣೇ ಗ್ರೆಚೆನ್" ಅಂದ.

"ಮೇಕೆ ಒಡತಿ ಹಾಕ್ತಾಳಲ್ಲ."

"ಹಾಗಾದ್ರೆ ಬಾಳೆಹಣ್ಣಿನ ಕಂಪನಿಯೋರು ಯಾರಿಗೆ ಹಾಕ್ತಾರೆ, ಕೇಳಿದ್ಯಾ?"

"ಬಾಳೆಹಣ್ಣು ಇವತ್ತಿನ ವಿಷಯ ಅಲ್ಲ."

ಬಾಳೆಹಣ್ಣು ನಮ್ಮಲ್ಲಿ ಎಂದೂ ಆ ದಿನದ ವಿಷಯವಾಗುವುದಿಲ್ಲ. ಎಲ್ಲರ ಮನೆಯಲ್ಲೂ ಬಾಳೆಹಣ್ಣು ತಿನ್ನುವ ಮಕ್ಕಳಿದ್ದಾರೆ.

ನಿರ್ಣಯ ಹೀಗಾಯಿತು: ನಿಮ್ಮಿಂದ ಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸುವುದು. ಎಲ್ಲರ ಒಪ್ಪಿಗೆಯಿಂದ, ಕೊನೆಗೆ ಲೀಲಂಡನದೂ ಸೇರಿ. ಸಭೆ ಮುಗಿಸಿ ಕೆಳಗಿಳಿದವರು ತಂಪು ಕಪಾಟಿನ ಮುಂದೆ ಸಾಲಾಗಿ ನಿಂತು, ಉಳಿದಿದ್ದ ನಿಮ್ಮ ಚೀಸನ್ನೆಲ್ಲ ಕೊಂಡುಹೋದರು. ಗ್ರೆಚೆನ್ ಎರಡು ತುಂಡು ಒಯ್ದಳು. "ಇದಕ್ಕೆ ಅಂಗಡಿ ಆಗ್ಲೇ ದುಡ್ಡು ಕೊಟ್ಟಾಗಿದೆ, ಲೆಕ್ಕಕ್ಕಿಲ್ಲ" ಎಂದಳು.

ನಿಮ್ಮ ಖಾಲಿ ಪೆಟ್ಟಿಗೆಗಳನ್ನು ಡುವೇನ್ ಜೊತೆ ಕಳಿಸಿದ್ದೇನೆ. ಹೋತದ ಪ್ರಶ್ನೆಗೆ ಇದೇ ಉತ್ತರವಾಯಿತು. ಹೀಗಾಗಬಾರದಿತ್ತು.

ನೋರೀನ್

*

(ಅಂಚೆಯಲ್ಲಿ)

ಬೀವರ್ ಹಳ್ಳದ ದಾರಿ
9 ನವೆಂಬರ್ 2012

ನೋರೀನ್ ಅವರಿಗೆ,

ಮೊದಲು ನಿಮಗೆ ಗೊತ್ತಿಲ್ಲದ ಸುದ್ದಿ. ಮತದಾನದ ಹಿಂದಿನ ಶನಿವಾರ ನಿಮ್ಮ ಪೆಟ್ರಾ ಇಲ್ಲಿಗೆ ಬಂದಿದ್ದಳು. ನಿಮಗೆ ಹೇಳಬೇಡಿ ಅಂದಳು. ಹೇಳದೆ ಬಿಟ್ಟದ್ದು ನಮ್ಮ ನಡುವೆ ಈಗಾಗಲೇ ಸಾಕಷ್ಟಿರುವುದರಿಂದ ಹೇಳುತ್ತಿದ್ದೇನೆ.

ಬೋರ್ಡನ್ನು ಕಣ್ಣಾರೆ ನೋಡಲು ಬಂದವಳು ಅದನ್ನೇ ನೋಡುತ್ತಾ ಕಾರನ್ನು ಚರಂಡಿಗೆ ಇಳಿಸಿದಳು. ಎಳೆದು ತೆಗೆದವನು ವರ್ಲಿನ್. ಚಳಿಯಲ್ಲಿ ಮರಗಟ್ಟಿದ್ದಳೆಂದು ಒಳಗೆ ಕರೆದು ಕಾಫಿ ಕೊಟ್ಟೆ. ವರ್ಲಿನ್ ಕರೆಯದೆಯೇ ಬಂದ. ಪೆಟ್ರಾ ಕಾಫಿ ಮುಟ್ಟುವ ಮೊದಲು ಕೇಳಿದಳು: "ಆ ಬೋರ್ಡು ಯಾರದ್ದು?"

"ನಂದು," ಅಂದ ವರ್ಲಿನ್. "ಯಾಕೆ, ಸೊಟ್ಟಗಿತ್ತಾ?"

"ನನ್ನ ಮನೆ ಮುರೀಬೇಕು ಅನ್ನತ್ತೆ ಅದು. ನಾನಿರೋದು ಹೆಂಗಸಿನ ಜೊತೆ."

ವರ್ಲಿನ್ ಬಿಸ್ಕತ್ತನ್ನು ಅದ್ದಿ ಪೂರ್ತಿ ತಿಂದ. "ಎಷ್ಟು ವರ್ಷ ಆಯ್ತು?" ಅಂದ.

"ಹನ್ನೊಂದು."

"ನಾನು ಎರಡು ಮದುವೆ ಆದೆ. ಎರಡೂ ಕೂಡಿಸಿದ್ರೂ ಅಷ್ಟಾಗಲ್ಲ." ಆಮೇಲೆ ಟೋಪಿ ಹಾಕಿಕೊಂಡು, "ಹಿಂದಿನ ಟೈರು ಸವೆದಿದೆ, ಹಿಮ ಬೀಳೋಕೆ ಮುಂಚೆ ಬದಲಾಯಿಸಮ್ಮ" ಎಂದು ಹೇಳಿ ಹೋದ. ಬೋರ್ಡನ್ನು ಕೀಳಲಿಲ್ಲ. ಹೋಗುತ್ತಾ ನೆಟ್ಟಗೆ ಮಾಡಿದ.

ನಾನೇಕೆ ಮೊದಲೇ ಹೇಳಲಿಲ್ಲ ಎಂದು ನೀವು ಕೇಳುವಿರಿ. ನೀವು ಓದುವುದು ತುಂಬಿದ ಸಭೆಯಲ್ಲಿ. ಅಲ್ಲಿ ಓದಿದ್ದು ನಿಮ್ಮ ಸದಸ್ಯರ ಬಾಯಿಂದ ಡುವೇನನ ಕಿವಿಗೆ ಬೀಳುತ್ತದೆ, ಡುವೇನ್ ವರ್ಲಿನ್‌ನ ಸೋದರತ್ತೆಯ ಮಗ. ನನ್ನ ದಾರಿಯ ಹಿಮ ತಳ್ಳುವವನನ್ನು ನಿಮ್ಮ ಮುಂದೆ ಒಪ್ಪಿಸಿ ಚೀಸ್ ಮಾರುವುದು ನನಗೆ ಆಗಲಿಲ್ಲ. ಹೆದರಿಕೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಇನ್ನೊಂದು: ಬೋರ್ಡು ಯಾರದು ಎಂದು ಎಲ್ಲರೂ ಕೇಳಿದಿರಿ, ಅದು ಅಲ್ಲಿರುವುದು ನನಗೆ ಇಷ್ಟವೆ ಎಂದು ಯಾರೂ ಕೇಳಲಿಲ್ಲ.

ನಿಮ್ಮವರು ಬಿಟ್ಟ ಚೀಸನ್ನು ಇಲ್ಲಿಯ ಪೆಟ್ರೋಲ್ ಬಂಕಿನ ಅಂಗಡಿಗೆ ಕೊಟ್ಟೆ. ಗಾಳಕ್ಕೆ ಹಾಕುವ ಎರೆಹುಳದ ಡಬ್ಬಿಗಳ ಪಕ್ಕ ಇಟ್ಟಿದ್ದಾರೆ. ಚೀಟಿಯ ಮೇಲಿರುವುದು ಒಂದೇ ಪದ: ಚೀಸ್. ಎರೆಹುಳ ಖರ್ಚಾಗುತ್ತಿದೆ. "ಇದು ಆ ಪಟ್ಟಣದ ಅಂಗಡಿಯೋರು ತಿನ್ನೋ ಚೀಸಲ್ವಾ, ಅವರ ಪೈಕೀನಾ ನೀನು?" ಎಂದು ನನ್ನ ಚರ್ಚಿನವರೇ ನನ್ನನ್ನು ಕೇಳಿದರು. ಅವರಿಗೂ ನಿಮಗೆ ಕೊಟ್ಟ ಉತ್ತರವನ್ನೇ ಕೊಟ್ಟೆ: ಪರದೆ ಕಟ್ಟಿರುವುದು ಚಂದಕ್ಕಲ್ಲ.

ಅರ್ಧದಷ್ಟು ಮೇಕೆಗಳನ್ನು ಕೊಳ್ಳಲೆಂದು ನೋಡಲು ನಾಳೆ ಒಬ್ಬ ಬರುತ್ತಾನೆ.

ಆರ್ಡಿಸ್ ಟ್ವೈಟ್

*

ಮಿನಿಯಾಪೊಲಿಸ್
27 ನವೆಂಬರ್ 2012

ಆರ್ಡಿಸ್ ಅವರಿಗೆ,

ಆ ಶನಿವಾರ ಪೆಟ್ರಾ ಪುಸ್ತಕ ಮಾರಾಟಕ್ಕೆ ಹೋಗಿದ್ದೆ ಎಂದಿದ್ದಳು. ಕಾರಿನ ಕೆಳಗೆ ಮೆತ್ತಿದ್ದ ಮಣ್ಣು ನೋಡಿ ನಾನು ಒಂದು ವಾರ ಇನ್ನೇನೇನೋ ಅನುಮಾನಪಟ್ಟೆ. ನಿಮ್ಮ ಪತ್ರ ಓದಿ ಅವಳ ಮುಂದಿಟ್ಟೆ. "ಕಾಫಿ ತುಂಬಾ ನೀರಾಗಿತ್ತು" ಎಂದಳು, ಅಷ್ಟೇ. ಮಾರನೆಯ ದಿನ ಟೈರು ಬದಲಾಯಿಸಿದಳು.

ಮದುವೆಯ ಆ ತಿದ್ದುಪಡಿ ಮತದಾನದಲ್ಲಿ ಸೋತಿತು, ನಿಮಗೂ ಗೊತ್ತು. ಸೋತ ಮೇಲೆ ಸದಸ್ಯರ ಮನಸ್ಸು ದೊಡ್ಡದಾಗಿದೆ. ಹಲಗೆಯ ಮೇಲೆ ಈಗ 'ಮೇಕೆ ಚೀಸ್ ಎಲ್ಲಿ?' ಎಂಬ ಚೀಟಿಗಳು. ಕನ್ನಡಕದ ಮೇಕೆಯ ಚೀಸು ಸೀಮೆಸುಣ್ಣದ ಹಾಗಿದೆಯಂತೆ, ಬರೆದವಳು ಗ್ರೆಚೆನ್. ಮೊನ್ನೆಯ ಸಭೆ ಮತ್ತೆ ನಿಮ್ಮಿಂದ ಕೊಳ್ಳಲು ಒಪ್ಪಿದೆ. ಒಂದು ಷರತ್ತು, ಕೇಳಲು ನನಗೇ ನಾಚಿಕೆ: ಬೋರ್ಡಿಲ್ಲದ ಹೊಸ ಫೋಟೋ ಬೇಕಂತೆ.

ಅದು ಅವರ ಷರತ್ತು. ನನ್ನದು ಪ್ರಶ್ನೆ. ಪರದೆ ಏಕಿದೆ ಎಂದು ನೀವು ಬರೆದದ್ದು ನೆನಪಿದೆ. ಆದರೂ ಕೇಳುತ್ತೇನೆ, ನನ್ನ ಮನೆಯ ವಿಷಯವಾದ್ದರಿಂದ. ನೀವು ಯಾವ ಕಡೆ ಹಾಕಿದಿರಿ?

ನೋರೀನ್

*

ಬೀವರ್ ಹಳ್ಳದ ದಾರಿ
14 ಡಿಸೆಂಬರ್ 2012

ನೋರೀನ್,

ಡುವೇನನ ಲಾರಿ ಮೇಲೆ ಬಂದಿದೆ, ಅಂದರೆ ದಾರಿ ತೆರೆದಿದೆ. ಪೆಟ್ಟಿಗೆಯಲ್ಲಿ ನೆಲಮಾಳಿಗೆಯಲ್ಲಿಟ್ಟು ಮಾಗಿಸಿದ ಚೀಸು, ಎರಡು ಶೀಶೆ ಜಾಮ್, ಒಂದು ಫೋಟೋ ಇವೆ.

ಫೋಟೋ ಈ ಸಲವೂ ವರ್ಲಿನ್ ತೆಗೆದದ್ದು, ಈ ಸಲವೂ ಇಳಿಯದೆ. ದಾರಿಯ ಹಿಮವನ್ನೆಲ್ಲ ಅವನು ಮೂಲೆಗೇ ತಳ್ಳಿ ರಾಶಿ ಹಾಕಿದ್ದಾನೆ, ನನಗಿಂತ ಎತ್ತರ. ಬೋರ್ಡನ್ನು ಮೊದಲೇ ಕಿತ್ತಿದ್ದನೋ, ಅದರ ಮೇಲೇ ತಳ್ಳಿದನೋ ನಾನು ಕೇಳಿಲ್ಲ. ಅವನೂ ಹೇಳಿಲ್ಲ. ನಿಮ್ಮವರಿಗೆ ಬೇಕಾದ್ದು ಬೋರ್ಡು ಕಾಣದ ಫೋಟೋ. ಕಾಣುವುದಿಲ್ಲ. ಹಿಮ ಕರಗುವ ಏಪ್ರಿಲ್‌ವರೆಗೆ ನಿಶ್ಚಿಂತೆಯಿಂದ ತಿನ್ನಿರಿ.

ಅರ್ಧ ಮೇಕೆಗಳು ಹೋದವು. ನಿನ್ನ ಚೀಟಿ ತಿಂದವಳು ಉಳಿದಿದ್ದಾಳೆ. ಉಳಿದವರ ಹತ್ತಿರ ಹೋತ ಬಿಟ್ಟಿದ್ದೇನೆ. ಬರುವ ವರ್ಷದ ಚೀಸಿನಲ್ಲಿ ನಿಮಗೆ ಅರ್ಧ, ಎರೆಹುಳದ ಪಕ್ಕಕ್ಕೆ ಅರ್ಧ. ಇನ್ನು ಒಂದೇ ಬಾಗಿಲಿಗೆ ಎಲ್ಲವನ್ನೂ ಕೊಡುವುದಿಲ್ಲ.

ಜಾಮಿನ ಮೇಲೆ 'ನೋರೀನ್, ಪೆಟ್ರಾ, ಇಬ್ಬರಿಗೂ' ಎಂದಿದೆ. ಜಾಮ್ ಮಾಡಿದ್ದು ಆಗಸ್ಟಿನಲ್ಲಿ, ಹೆಸರು ಬರೆದದ್ದೂ ಆಗಲೇ. ಆ ಹೊತ್ತಿಗೆ ಬೋರ್ಡು ಮೂಲೆಗೆ ಬಂದು ತಿಂಗಳಾಗಿತ್ತು. ಆದ್ದರಿಂದ ನಿನ್ನ ಪ್ರಶ್ನೆಗೆ ಇದನ್ನು ಉತ್ತರ ಎಂದುಕೊಳ್ಳಬೇಡ. ಪ್ರಶ್ನೆಯೇ ಹುಟ್ಟಿರಲಿಲ್ಲ.

ಈಗ ನನ್ನದು. ಡುವೇನ್ ನಿಮ್ಮ ಲೀಲಂಡ್ ಜೊತೆ ಮೂಟೆ ಇಳಿಸುವಾಗ ಒಂದು ಮಾತು ತಿಳಿದುಕೊಂಡು ಬಂದಿದ್ದಾನೆ. ನಿಮ್ಮ ಸಭೆಯಲ್ಲಿ ಒಬ್ಬರು ಕೈ ಎತ್ತಿ 'ಬೇಡ' ಎಂದರೂ ನಿರ್ಣಯ ಬಿದ್ದುಹೋಗುತ್ತದಂತೆ. ನೀನು 'ಎಲ್ಲರ ಒಪ್ಪಿಗೆಯಿಂದ' ಎಂದು ಬರೆದಿದ್ದೆ. ಆ ದಿನ ನೀನು ಎಲ್ಲಿ ಕೂತಿದ್ದೆ?

ಆರ್ಡಿಸ್

*

ಮಿನಿಯಾಪೊಲಿಸ್
18 ಡಿಸೆಂಬರ್ 2012

ಪ್ರೀತಿಯ ಆರ್ಡಿಸ್ ಅವರಿಗೆ,

ಫೋಟೋ ಗೋಡೆಯ ಮೇಲಿದೆ. ಗ್ರೆಚೆನ್ ಏಣಿ ತಂದು, ಕನ್ನಡಕ ಬದಲಿಸಿ, ತುಂಬಾ ಹೊತ್ತು ನೋಡಿದಳು. "ಈ ರಾಶಿ ಕೆಳಗೆ ಏನಿದೆ?" ಎಂದಳು. "ನೆಲ," ಎಂದೆ. ಒಂದು ತುಂಡು ಕೊಂಡಳು. ಕೆಳಗೆ ಅಂಟಿಸಿದ ಚೀಟಿ ಹೀಗಿದೆ:

ಮೇಲೆ ಹಿಮ, ಕೆಳಗೇನೋ ಕಾಣೆ;
ಹಾಲು ಮಾತ್ರ ಮೇಕೆಯದೇ, ಆಣೆ.

ಜಾಮಿನ ಒಂದು ಶೀಶೆಯನ್ನು ಪೆಟ್ರಾ ಕ್ರಿಸ್‌ಮಸ್‌ಗೆ ಮುಂಚೆಯೇ ತೆರೆದಳು. ಆಗಸ್ಟ್ ಎಂಬುದನ್ನು ಅವಳಿಗೆ ಓದಿ ಹೇಳಿದೆ. ಶೀಶೆಯನ್ನು ತಿರುಗಿಸಿ ಹೆಸರು ನೋಡಿದಳು. ನಾನು ಇನ್ನು ಕೇಳುವುದಿಲ್ಲ. ಅನುಮಾನ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ನೀವು ಕೇಳಿದ್ದಕ್ಕೆ: ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಪೆಟ್ರಾ. ಅಧ್ಯಕ್ಷರು "ಯಾರಾದ್ರೂ ಬೇಡ ಅನ್ನೋರಿದ್ದೀರಾ?" ಎಂದು ಎರಡು ಸಲ ಕೇಳಿದರು. ನಿಮ್ಮ ಪತ್ರ ಒಂದು ಕೈಯಲ್ಲಿತ್ತು. ಇನ್ನೊಂದು ಕೈ ಖಾಲಿಯೇ ಇತ್ತು, ತೊಡೆಯ ಮೇಲೆ.

ನಿಮಗೆ ಪರದೆಯಿತ್ತು. ನನಗಿರಲಿಲ್ಲ, ಎಲ್ಲರೂ ನೋಡಿದರು.

ಅರ್ಧ ಚೀಸ್ ಸಾಕು. ಖಾಲಿ ಪೆಟ್ಟಿಗೆಗಳು ಡುವೇನ್ ಜೊತೆ ಬರುತ್ತಿವೆ.

ನೋರೀನ್